ದೇವರ ಭಯವಿಲ್ಲದಿದ್ದರೆ ನೀತಿ ಉಳಿದೀತೇ?

ಪ್ರಶ್ನೆ: ನೀತಿ ಬರುವುದು ಪ್ರಕೃತಿಯಿಂದಲೋ, ಮನುಷ್ಯರಿಂದಲೋ, ದೈವಭಕ್ತಿಯಿಂದಲೋ?

ಉತ್ತರ: ಪ್ರಕೃತಿಯ ಪಾಲು ಸಣ್ಣದಲ್ಲ. ಸಾರಾ ಬ್ರಾಸ್ನನ್ ಮತ್ತು ಫ್ರಾನ್ಸ್ ಡಿ ವಾಲ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅದೇ ಕೆಲಸಕ್ಕೆ ಪಕ್ಕದ ಕೋತಿಗೆ ದ್ರಾಕ್ಷಿ ಸಿಕ್ಕಿದ್ದನ್ನು ಕಂಡ ಕ್ಯಾಪುಚಿನ್ ಕೋತಿಗಳು ತಮಗೆ ಕೊಟ್ಟ ಸೌತೆಕಾಯಿಯನ್ನು ಹಲವು ಸಲ ನಿರಾಕರಿಸಿದವು. ಆದರೆ ಆ ಸಿಟ್ಟು ತನ್ನ ಪಾಲಿಗಾಗಿ. ಇನ್ನೊಬ್ಬರ ಪಾಲನ್ನೂ ಕಾಯುವುದು ಕೂಡಿ ಬಾಳುವುದರಿಂದ ಬಂದದ್ದು. ಕೋಲಾರ ಸೀಮೆಯ ಕೆರೆಗಳಲ್ಲಿ ನೀರುಗಂಟಿ ತೂಬು ತೆಗೆದು, ಕಡೆಯ ಗದ್ದೆಗೂ ಸರದಿಯಂತೆ ನೀರು ಹಾಯಿಸುತ್ತಿದ್ದುದು ಇಂಥ ಕಟ್ಟಳೆಯಿಂದಲೇ.

ಇನ್ನು ಭಕ್ತಿ. 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ, ಉತ್ಸವದ ವೇಳೆ ದಲಿತ ಬಾಲಕನೊಬ್ಬ ದೇವರ ಗುಜ್ಜುಕೋಲು ಮುಟ್ಟಿದನೆಂದು ಊರಿನ ಮುಖಂಡರು ಅವನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿ, ಕಟ್ಟದಿದ್ದರೆ ಊರು ಬಿಡಿ ಎಂದರೆಂದು ಪೊಲೀಸರಿಗೆ ದೂರು ಹೋಯಿತು. ಆ ಮನೆಯವರು ದೇವರ ಪಟಗಳನ್ನು ತೆಗೆದು ಅಂಬೇಡ್ಕರ್, ಬುದ್ಧರ ಚಿತ್ರ ಹಾಕಿದರು. ಈ ದಂಡ ತಪ್ಪೆಂದು ಆಸ್ತಿಕರಿಗೂ ತಿಳಿಯುತ್ತದೆ. ಹಾಗಾದರೆ ಭಕ್ತಿಯನ್ನೇ ಅಳೆಯುವ ಅಳತೆಗೋಲು ಭಕ್ತಿಯ ಹೊರಗಿದೆ. ಬಸವಣ್ಣನವರು ದೇವರ ಹೆಸರಿನಲ್ಲೇ ಜಾತಿಯನ್ನು ಎದುರಿಸಲಿಲ್ಲವೇ ಎನ್ನಬಹುದು. ನಿಜ, ಭಕ್ತಿ ಅವರಿಗೆ ಎದೆಗಾರಿಕೆ ಕೊಟ್ಟಿತು. ಆದರೆ ಮೇಲುಕೀಳನ್ನು ಒಪ್ಪುವ ದೇವರನ್ನು ಅವರು ಒಪ್ಪಲಿಲ್ಲ, ಆಯ್ಕೆ ನ್ಯಾಯಪ್ರಜ್ಞೆಯದು. ದೇವರ ಭಯ ಕಳ್ಳನ ಕೈ ತಡೆದೀತು, ಒಪ್ಪುತ್ತೇನೆ. ಅದೇ ಭಯದಿಂದ ಬಡವರ ಬಾಯನ್ನೂ ಮುಚ್ಚಿಸಬಹುದು. ನಮ್ಮ ಸಂವಿಧಾನವೂ ದೇವರ ಹೆಸರನ್ನು ಆಧಾರವಾಗಿಸಿಕೊಳ್ಳಲಿಲ್ಲ: 1949ರ ಅಕ್ಟೋಬರ್‌ನಲ್ಲಿ ಸಂವಿಧಾನ ಪೀಠಿಕೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂಬ ಎಚ್.ವಿ. ಕಾಮತ್ ಅವರ ಸಲಹೆಗೆ ಸಂವಿಧಾನ ಸಭೆಯಲ್ಲಿ ಸೋಲಾಯಿತು. ಅಸ್ಪೃಶ್ಯತೆಯನ್ನು ರದ್ದುಪಡಿಸಿದ 17ನೇ ವಿಧಿ ನಿಂತಿರುವುದು ಆಸ್ತಿಕರೂ ನಾಸ್ತಿಕರೂ ಸೇರಿ ಮಾಡಿಕೊಂಡ ಒಪ್ಪಂದದ ಮೇಲೆ.