ಪಾಯಕ್ಕೆ ಮೊದಲು ಮಣ್ಣಿನ ಪರೀಕ್ಷೆ

ಹೊರನಾಡಿನಲ್ಲಿ ಉಳಿತಾಯದ ಹಣ ಕೂಡಿಸಿ ನಿವೇಶನ ಕೊಳ್ಳುವ ನಮ್ಮವರು ನೀರು, ರಸ್ತೆ, ಕಾಗದಪತ್ರಗಳನ್ನೆಲ್ಲ ವಿಚಾರಿಸುತ್ತಾರೆ. ಕಾಲಕೆಳಗಿನ ಮಣ್ಣನ್ನು ವಿಚಾರಿಸುವವರು ವಿರಳ. ಪುಣೆ, ಸೊಲ್ಲಾಪುರ, ಹೈದರಾಬಾದುಗಳ ಸುತ್ತ ಹಲವೆಡೆ ಇರುವುದು ನಮ್ಮ ಧಾರವಾಡ, ವಿಜಯಪುರದ ಕಡೆಯಂಥ ಎರೆಮಣ್ಣೇ. ಜೋಳಕ್ಕೆ, ಹತ್ತಿಗೆ ಅದು ತಾಯಿ, ಗೋಡೆಗೆ ಮಲತಾಯಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಮೇಲಿನ ಗೋಡೆಯೂ ಸೀಳುತ್ತದೆ.

ಈ ಗುಣವನ್ನು ಪ್ರಯೋಗಶಾಲೆಯಲ್ಲಿ ಅಳೆಯುವ ಒಂದು ಬಗೆ ಬಲು ಸರಳ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ೧೦ ಗ್ರಾಮಿನಂತೆ ತೂಗಿ, ಎರಡು ಅಳತೆಯ ಗಾಜಿನ ಜಾಡಿಗಳಿಗೆ ಹಾಕುತ್ತಾರೆ. ಒಂದಕ್ಕೆ ಭಟ್ಟಿಯಿಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಎಣ್ಣೆಯಲ್ಲಿ ಮಣ್ಣು ಉಬ್ಬದು. ೨೪ ಗಂಟೆಗಳ ಮೇಲೆ ಮಟ್ಟಗಳನ್ನು ಹೋಲಿಸುತ್ತಾರೆ. ಎಣ್ಣೆಯಲ್ಲಿ ೧೦ ಮಿಲಿಲೀಟರು, ನೀರಿನಲ್ಲಿ ೨೦ ಆದರೆ ಉಬ್ಬು ಶೇಕಡಾ ೧೦೦. ಶೇಕಡಾ ೫೦ ದಾಟಿತೆಂದರೇ ಎಚ್ಚರ ಬೇಕು.

ಹಾಗೆಂದು ನಿವೇಶನ ಕೈಬಿಡಬೇಕಿಲ್ಲ. ಮಳೆ-ಬಿಸಿಲು ತಟ್ಟದ ಆಳಕ್ಕಿಳಿದು, ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟು ಕಂಬಗಳ ಪಾಯವನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ನೆಲಕ್ಕೆಂದೇ ರೂಪಿಸಿದೆ. ಆದರೆ ಅದು ಪಾಯ ತೋಡುವ ಮೊದಲೇ ತೀರ್ಮಾನವಾಗಬೇಕು. ಆಮೇಲೆ ಗಾರೆ ಮೆತ್ತಿ ಸುಣ್ಣ ಬಳಿದರೆ, ಮುಂದಿನ ಬೇಸಗೆಗೆ ಬಿರುಕು ಮತ್ತೆ ಬಾಯಿ ತೆರೆಯುತ್ತದೆ. ಆದ್ದರಿಂದ ಗುತ್ತಿಗೆದಾರನ ಕೈಗೆ ಮುಂಗಡ ಕೊಡುವ ಮುನ್ನ ಮಣ್ಣಿನ ವರದಿಯನ್ನು ಕೇಳಿ ಪಡೆಯಿರಿ.