ಹೊಸ ಕೋಲಿನ ಪರೀಕ್ಷೆ

ಹೊಸ ಸಾಧನವೊಂದು ಕೈಗೆ ಬಂದಾಗ ಮನುಷ್ಯನ ವಿವೇಚನೆಯು ಕೆಲಕಾಲ ಮಂಕಾಗುವದು ಲೋಕದ ರೂಢಿಯಾಗಿದೆ. ರೈತನು ಹೊಸ ಕೂರಿಗೆಯನ್ನೂ, ಗೃಹಿಣಿಯು ಹೊಸ ಒಲೆಯನ್ನೂ, ವಿದ್ಯಾರ್ಥಿಯು ಹೊಸ ಲೇಖಣಿಯನ್ನೂ ಕಂಡಾಗ, ಇನ್ನು ಮೇಲೆ ತನ್ನ ಕೆಲಸವು ತಾನಾಗಿಯೇ ಸಾಗುವದೆಂದು ಭಾವಿಸುವದುಂಟು. ಈ ಭಾವನೆಯಲ್ಲಿ ಎಷ್ಟು ಸತ್ಯವಿದೆ, ಎಷ್ಟು ಭ್ರಮೆಯಿದೆ ಎಂಬದನ್ನು ನಿಷ್ಪಕ್ಷಪಾತವಾಗಿ ತೂಗಿ ನೋಡುವ ಬಗೆ ಯಾವದು? ಇದನ್ನು ವಾಚಕರ ಮುಂದೆ ಇಡುವ ಸಲುವಾಗಿ ನಾವು ಒಂದು ಆಟವನ್ನು ಆರಿಸಿಕೊಂಡಿರುವೆವು. ಅದು ಗಾಲ್ಫ್ ಆಟ. ಈ ಆಟದವರು ತಮ್ಮ ಕೋಲುಗಳ ವಿಷಯದಲ್ಲಿ ಮಾಡುವಷ್ಟು ಚರ್ಚೆಯನ್ನೂ ಹೋಲಿಕೆಯನ್ನೂ ಬೇರೆ ಆಟದವರು ಮಾಡುವದು ವಿರಳ.

ಡ್ರೈವರ್ ಎಂದೊಡನೆ ನಮ್ಮ ಕಡೆಯವರಿಗೆ ಬಾಗಲಕೋಟೆಯಿಂದ ಇಳಕಲ್ಲಿಗೆ ಮೋಟಾರು ನಡೆಯಿಸುವ ಮನುಷ್ಯನೇ ನೆನಪಿಗೆ ಬರುವನು. ಗಾಲ್ಫ್ ಆಟದಲ್ಲಿ ಮಾತ್ರ ಅದು ಒಂದು ಕೋಲಿನ ಹೆಸರು. ವಿಸ್ತಾರವಾದ ಹುಲ್ಲುಗಾವಲಿನಲ್ಲಿ ಒಂದು ಸಣ್ಣ ಚೆಂಡನ್ನು ಕೋಲಿನಿಂದ ಹೊಡೆಯುತ್ತ ಹೋಗಿ, ದೂರದಲ್ಲಿರುವ ಕುಳಿಯಲ್ಲಿ ಬೀಳಿಸಬೇಕು. ಯಾರು ಕಡಿಮೆ ಹೊಡೆತಗಳಲ್ಲಿ ಬೀಳಿಸುವರೋ ಅವರೇ ಗೆದ್ದವರು. ಇಂತಹ 18 ಕುಳಿಗಳನ್ನು ಮುಗಿಸಿದರೆ ಒಂದು ಸುತ್ತು. ಆಟಗಾರನು ತನ್ನ ಚೀಲದಲ್ಲಿ ಹೆಚ್ಚೆಂದರೆ 14 ಕೋಲುಗಳನ್ನು ಇಟ್ಟುಕೊಳ್ಳಬಹುದು. ಅವುಗಳಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಉದ್ದವಾದ, ಮೊದಲ ಹೊಡೆತದಲ್ಲಿ ಚೆಂಡನ್ನು ಅತಿದೂರ ಕಳಿಸುವ ಕೋಲೇ ಡ್ರೈವರ್.

ಈ ಆಟವು ನಮ್ಮ ದೇಶಕ್ಕೆ ಹೊಸದಲ್ಲ. ಕಲಕತ್ತೆಯಲ್ಲಿ 1829ರಲ್ಲಿಯೂ, ಬೆಂಗಳೂರಿನಲ್ಲಿ 1876ರಲ್ಲಿಯೂ ಗಾಲ್ಫ್ ಕ್ಲಬ್ಬುಗಳು ಸ್ಥಾಪಿತವಾದವು. ನಮ್ಮ ಬಾದಾಮಿ ಹುನಗುಂದಗಳ ಕಡೆಗೆ ಈ ಆಟದ ರೂಢಿಯಿಲ್ಲವಾದರೂ ಇದರ ತತ್ತ್ವವು ನಮಗೆ ಅಪರಿಚಿತವಲ್ಲ. ನಾವು ಅಧ್ಯಾಪಕರಾಗಿದ್ದ ಕಾಲದಲ್ಲಿ ಶಾಲೆ ಬಿಟ್ಟೊಡನೆ ಹುಡುಗರು ಚಿಣಿದಾಂಡು ಆಡುವದನ್ನು ದಿನಂಪ್ರತಿ ನೋಡುತ್ತಿದ್ದೆವು. ಜಾಲಿಯ ದಾಂಡು ಮೇಲೋ ಬೇವಿನ ದಾಂಡು ಮೇಲೋ ಎಂಬ ವಾದವು ಅವರಲ್ಲಿ ಆಟಕ್ಕಿಂತ ಹೆಚ್ಚು ಹೊತ್ತು ನಡೆಯುತ್ತಿತ್ತು. ಮಹಾಭಾರತದ ಆದಿಪರ್ವದಲ್ಲಿ ಕುರುಕುಮಾರರು ಆಡುತ್ತಿದ್ದ ‘ವೀಟಾ’ ಎಂಬದು ಬಾವಿಯಲ್ಲಿ ಬಿದ್ದ ಕಥೆ ಬರುತ್ತದೆ. ಅದು ಜವೆಯ ಕಾಳಿನ ಆಕಾರದ, ಕೋಲಿನಿಂದ ಹೊಡೆಯುವ ಮರದ ತುಂಡೆಂದು ವ್ಯಾಖ್ಯಾನಕಾರನಾದ ನೀಲಕಂಠನು ವಿವರಿಸಿರುವನು. ಅಂದಮೇಲೆ ಅದು ನಮ್ಮ ಚಿಣಿಯೇ ಸರಿ. ಅದನ್ನು ಮೇಲಕ್ಕೆತ್ತಲು ದ್ರೋಣಾಚಾರ್ಯರು ಉಪಯೋಗಿಸಿದ್ದು ಹುಲ್ಲಿನ ಕಡ್ಡಿಗಳನ್ನು. ಸಾಧನ ಯಾವದು, ಕೈ ಯಾರದು ಎಂಬ ಪ್ರಶ್ನೆಯು ಇಷ್ಟು ಪುರಾತನವಾದದ್ದು.

ಇನ್ನು ಡ್ರೈವರಿನ ರಚನೆಯನ್ನು ನೋಡೋಣ. ಮೊದಲು ಇದರ ತಲೆಯು ಮರದ್ದಾಗಿತ್ತು. ಅಮೇರಿಕೆಯ ಪರ್ಸಿಮನ್ ಎಂಬ ಗಟ್ಟಿಮರವನ್ನು ಇದಕ್ಕೆ ಬಳಸುತ್ತಿದ್ದರು. ನಮ್ಮಲ್ಲಿ ಬೀಡಿಯ ಎಲೆಯನ್ನು ಕೊಡುವ ಮರವೂ ಇದೇ ಕುಲಕ್ಕೆ ಸೇರಿದ್ದೆಂದರೆ ವಾಚಕರಿಗೆ ಆಶ್ಚರ್ಯವಾಗಬಹುದು. ಹಿಡಿಕೆಯ ದಂಡವು ಹಿಕ್ಕೊರಿ ಎಂಬ ಮರದ್ದು. ಬ್ರಿಟನ್ನಿನ ನಿಯಾಮಕರು 1929ರಲ್ಲಿ ಉಕ್ಕಿನ ದಂಡಕ್ಕೆ ಒಪ್ಪಿಗೆ ಕೊಟ್ಟರು. ತಲೆಯು ಮಾತ್ರ ಇನ್ನೂ ಅರ್ಧ ಶತಮಾನ ಮರದ್ದಾಗಿಯೇ ಉಳಿಯಿತು. 1979ರಲ್ಲಿ ಅಮೇರಿಕೆಯ ಟೇಲರ್‌ಮೇಡ್ ಕಂಪನಿಯು ಪೊಳ್ಳಾದ ಉಕ್ಕಿನ ತಲೆಯ ಕೋಲನ್ನು ಮಾರಾಟಕ್ಕೆ ತಂದಾಗ ಅನೇಕ ಹಳೆಯ ಆಟಗಾರರು ನಕ್ಕರು. ಆದರೆ ಕೆಲವೇ ವರ್ಷಗಳಲ್ಲಿ ಮರದ ತಲೆ ಹಿಂದೆ ಬಿದ್ದಿತು. 1990ರ ದಶಕದಲ್ಲಿ ಉಕ್ಕಿಗಿಂತ ಹಗುರಾದ ಟೈಟೇನಿಯಮ್ ಲೋಹವು ಬಂದಮೇಲೆ, ತೂಕವನ್ನು ಹೆಚ್ಚಿಸದೆ ತಲೆಯನ್ನು ದೊಡ್ಡದಾಗಿ ಮಾಡುವದು ಸಾಧ್ಯವಾಯಿತು.

ದೊಡ್ಡ ತಲೆಯಿಂದ ಪ್ರಯೋಜನವೇನು? ತೂಕವು ತಲೆಯ ಅಂಚುಗಳಿಗೆ ಹಂಚಿಹೋದಷ್ಟೂ ಅದು ಸುಲಭವಾಗಿ ತಿರುಗದು. ಕಾವಡಿ ಹೊತ್ತವನು ಥಟ್ಟನೆ ಹೊರಳಲಾರನೆಂಬದನ್ನು ಜಾತ್ರೆಯಲ್ಲಿ ನೋಡಿದವರಿಗೆ ಇದು ತಿಳಿಯದಿರದು. ಆದ್ದರಿಂದ ಚೆಂಡು ತಲೆಯ ನಡುಮಧ್ಯಕ್ಕೆ ತಗಲದೆ ಸ್ವಲ್ಪ ಬದಿಗೆ ತಗಲಿದರೂ ಕೋಲು ಅಷ್ಟಾಗಿ ಹೊರಳದೆ, ಚೆಂಡು ಬಹುಮಟ್ಟಿಗೆ ನೇರವಾಗಿಯೇ ಹೋಗುವದು. ಇದಲ್ಲದೆ, ತೆಳುವಾದ ಲೋಹದ ಮುಖವು ಚೆಂಡಿನ ಪೆಟ್ಟಿಗೆ ತುಸು ಒಳಬಾಗಿ ಮತ್ತೆ ಪುಟಿಯುವದು; ಚೆಂಡು ಅಷ್ಟರಮಟ್ಟಿಗೆ ಕಡಿಮೆ ಜಜ್ಜಲ್ಪಟ್ಟು, ಕಡಿಮೆ ಶಕ್ತಿಯನ್ನು ಕಳೆದುಕೊಳ್ಳುವದು. ಇದೆಲ್ಲವೂ ಒಂದು ಸೆಕೆಂಡಿನ ಸುಮಾರು ಎರಡು ಸಾವಿರದ ಒಂದು ಭಾಗದಲ್ಲಿ ಮುಗಿದುಹೋಗುವ ವ್ಯಾಪಾರ.

ಚೆಂಡಿನ ಹಾರಾಟದಲ್ಲಿ ಇನ್ನೊಂದು ಗೂಢವುಂಟು. ಎಡಿನ್‌ಬರೋ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಟೇಟ್ ಎಂಬ ಪಂಡಿತನು 1890ರ ದಶಕದಲ್ಲಿ ಇದನ್ನು ಗಣಿತದಿಂದ ಶೋಧಿಸಿದನು. ಬಲವೊಂದೇ ಚೆಂಡನ್ನು ಅಷ್ಟು ದೂರ ಒಯ್ಯಲಾರದು. ಹೊಡೆದಾಗ ಚೆಂಡಿಗೆ ಬರುವ ಹಿಮ್ಮುಖವಾದ ತಿರುಗಾಟವೇ ಗಾಳಿಯಲ್ಲಿ ಅದನ್ನು ಎತ್ತಿ ಹಿಡಿಯುವದೆಂದು ಅವನು ತೋರಿಸಿಕೊಟ್ಟನು. ಅವನ ಮಗನಾದ ಫ್ರೆಡ್ಡಿ ಟೇಟನು 1896 ಮತ್ತು 1898ರಲ್ಲಿ ಬ್ರಿಟಿಷ್ ಹವ್ಯಾಸಿ ಆಟಗಾರರ ಪಂದ್ಯವನ್ನು ಗೆದ್ದವನು. ತಂದೆಯು ಲೆಕ್ಕ ಹಾಕಿದ್ದನ್ನು ಮಗನು ಮೈದಾನದಲ್ಲಿ ಹೊಡೆದು ತೋರಿಸಿದನೆನ್ನಬಹುದು. ತಿರುಗಾಟವು ತೀರ ಕಡಿಮೆಯಾದರೆ ಚೆಂಡು ಬೇಗನೆ ಕೆಳಗಿಳಿಯುವದು. ಮಿತಿಮೀರಿದರೆ ಮೇಲಕ್ಕೇರಿ ಅಲ್ಲಿಯೇ ಬಲಗುಂದುವದು. ಒಬ್ಬನಿಗೆ ಒಗ್ಗಿದ ಕೋಲು ಇನ್ನೊಬ್ಬನಿಗೆ ಒಗ್ಗದಿರಲು ಇದೂ ಒಂದು ಕಾರಣ. ಬೀಸುವ ವೇಗವೂ ಬೀಸುವ ರೀತಿಯೂ ಮನುಷ್ಯ ಮನುಷ್ಯನಿಗೆ ಬೇರೆಯಾಗಿರುವಾಗ ಎಲ್ಲರಿಗೂ ಉತ್ತಮವಾದ ಕೋಲೆಂಬದು ಇರಲಾರದು.

ಈಗ ಪರೀಕ್ಷೆಯ ಮಾತಿಗೆ ಬರೋಣ. ಸಾಮಾನ್ಯವಾಗಿ ಆಟಗಾರನು ಹೊಸ ಡ್ರೈವರನ್ನು ಕೈಗೆ ತೆಗೆದುಕೊಂಡು ಹತ್ತಿಪ್ಪತ್ತು ಚೆಂಡುಗಳನ್ನು ಹೊಡೆಯುವನು. ಅವುಗಳಲ್ಲಿ ಒಂದು ಅತಿದೂರ ಹೋಗುವದು. ಅದೊಂದನ್ನೇ ನೆನಪಿನಲ್ಲಿಟ್ಟುಕೊಂಡು, ಉಳಿದವುಗಳನ್ನು ‘ಅವು ಲೆಕ್ಕಕ್ಕಿಲ್ಲ’ ಎಂದು ತಳ್ಳಿಹಾಕಿ, ಹಣ ತೆತ್ತು ಮನೆಗೆ ಬರುವನು. ಕಾಗೆ ಬಂದು ಕೂಡುವದಕ್ಕೂ ತಾಳೆಯ ಹಣ್ಣು ಬೀಳುವದಕ್ಕೂ ಸರಿಹೋದದ್ದನ್ನು ನಮ್ಮ ಹಿರಿಯರು ಕಾಕತಾಲೀಯ ನ್ಯಾಯವೆಂದರು. ಒಂದು ಹೊಡೆತದಿಂದ ಕೋಲಿನ ಗುಣವನ್ನು ನಿರ್ಣಯಿಸುವದು ಈ ಜಾತಿಗೆ ಸೇರಿದ್ದು.

ತರ್ಕಶಾಸ್ತ್ರದವರು ಕಾರಣವನ್ನು ನಿಶ್ಚಯಿಸಲು ಅನ್ವಯ-ವ್ಯತಿರೇಕಗಳೆಂಬ ಮಾರ್ಗವನ್ನು ಹೇಳಿರುವರು. ಅದು ಇದ್ದರೆ ಇದು ಇರಬೇಕು. ಅದು ಇಲ್ಲದಿದ್ದರೆ ಇದೂ ಇರಬಾರದು. ಹೊಸ ಕೋಲಿನಿಂದಲೇ ದೂರ ಹೆಚ್ಚಿತೆಂದು ಹೇಳಬೇಕಾದರೆ ಕೋಲೊಂದನ್ನು ಬಿಟ್ಟು ಬೇರೆ ಯಾವದೂ ಬದಲಾಗಿರಕೂಡದು. ಬಾದಾಮಿಯ ಕೆಂಗಲ್ಲಿನ ಗಟ್ಟಿನೆಲದ ಮೇಲೆ ಬಿದ್ದ ಚೆಂಡು ಪುಟಿದು ಬಹುದೂರ ಉರುಳುವದು; ಹುನಗುಂದದ ಎರೆಹೊಲದಲ್ಲಿ ಮಳೆಯಾದ ಮರುದಿನ ಬಿದ್ದ ಚೆಂಡು ಬಿದ್ದಲ್ಲಿಯೇ ಹುಗಿದು ನಿಲ್ಲುವದು. ಆಷಾಢದ ಪಡುವಣ ಗಾಳಿಯ ಬೆನ್ನಿಗೆ ಹೊಡೆದದ್ದಕ್ಕೂ ಎದುರಿಗೆ ಹೊಡೆದದ್ದಕ್ಕೂ ಅಜಗಜಾಂತರ. ಆದ್ದರಿಂದ ಒಂದೇ ನೆಲ, ಒಂದೇ ಗಾಳಿ, ಒಂದೇ ತರದ ಚೆಂಡು ಇರಬೇಕು. ಚೆಂಡು ಗಾಳಿಯಲ್ಲಿ ಹಾರಿದ ದೂರವನ್ನು ಬೇರೆ, ನೆಲದ ಮೇಲೆ ಉರುಳಿದ ದೂರವನ್ನು ಬೇರೆ ಬರೆದುಕೊಳ್ಳಬೇಕು. ಹಳೆಯ ಕೋಲನ್ನು ಮೊದಲು, ಹೊಸದನ್ನು ಕೊನೆಗೆ ಹೊಡೆಯುವದೂ ತಪ್ಪು. ಏಕೆಂದರೆ ಅಷ್ಟರಲ್ಲಿ ಮೈ ಬಿಸಿಯೇರಿ ಕೈ ಹದವಾಗಿರುವದು, ಇಲ್ಲವೆ ದಣಿದಿರುವದು. ಎರಡನ್ನೂ ಒಂದಾದ ಮೇಲೊಂದರಂತೆ ಬೀಸಬೇಕು. ಎಲ್ಲಕ್ಕೂ ಮುಖ್ಯವಾಗಿ, ಕೆಟ್ಟ ಹೊಡೆತಗಳನ್ನು ಲೆಕ್ಕದಿಂದ ಬಿಡಕೂಡದು.

ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡೋಣ. ಒಬ್ಬನು ಹಳೆಯ ಕೋಲಿನಿಂದ ಹೊಡೆದ ಐದು ಚೆಂಡುಗಳು 210, 208, 206, 211, 205 ಗಜ ಹೋದವೆಂದು ಇಟ್ಟುಕೊಳ್ಳಿರಿ. ಹೊಸ ಕೋಲಿನಿಂದ 230, 225, 190, 180, 235 ಗಜ. ಆಟಗಾರನು ಊರೆಲ್ಲ ಹೇಳಿಕೊಳ್ಳುವದು 235 ಗಜದ ಮಾತನ್ನೇ. ಸರಾಸರಿ ತೆಗೆದರೆ ಹಳೆಯದಕ್ಕೆ 208, ಹೊಸದಕ್ಕೆ 212. ಲಾಭವು ನಾಲ್ಕೇ ಗಜ! ಹಳೆಯ ಕೋಲಿನ ಹೊಡೆತಗಳು ಆರು ಗಜದ ಅಂತರದೊಳಗೆ ಬಿದ್ದರೆ, ಹೊಸದರವು 55 ಗಜದ ಅಂತರದಲ್ಲಿ ಚದರಿವೆ. ಅವುಗಳಲ್ಲಿ ಒಂದು ಎಡಬಲಗಳಿಗೆ ಹೊರಳಿ ಮೈದಾನದ ಗಡಿಯಾಚೆ ಬಿದ್ದರೆ, ನಿಯಮದಂತೆ ಒಂದು ಹೊಡೆತದ ದಂಡ ತೆತ್ತು ಮೊದಲಿನ ಸ್ಥಳದಿಂದಲೇ ಮತ್ತೆ ಹೊಡೆಯಬೇಕಾಗುವದು. ನಾಲ್ಕು ಗಜದ ಲಾಭವು ಆಗ ಯಾವ ಮೂಲೆಗೆ?

ಮನುಷ್ಯನ ಚಂಚಲತೆಯನ್ನು ಹೊರಗಿಟ್ಟು ಕೋಲನ್ನು ಮಾತ್ರ ಪರೀಕ್ಷಿಸುವ ಸಲುವಾಗಿ ಅಮೇರಿಕೆಯವರು 1960ರ ದಶಕದಲ್ಲಿ ಒಂದು ಯಂತ್ರವನ್ನೇ ನಿರ್ಮಿಸಿದರು. 1945ರಲ್ಲಿ ಸತತವಾಗಿ 11 ಪಂದ್ಯಗಳನ್ನು ಗೆದ್ದ ಬೈರನ್ ನೆಲ್ಸನ್ ಎಂಬ ಆಟಗಾರನ ಬೀಸನ್ನು ಅನುಕರಿಸುವ ಈ ಯಂತ್ರಕ್ಕೆ ‘ಐರನ್ ಬೈರನ್’ ಅಂದರೆ ‘ಕಬ್ಬಿಣದ ಬೈರನ್’ ಎಂದು ಹೆಸರಾಯಿತು. ಇಂದು ರಾಡಾರಿನಿಂದ ಚೆಂಡಿನ ವೇಗ, ಕೋನ, ತಿರುಗಾಟಗಳನ್ನು ಕ್ಷಣದಲ್ಲಿ ಅಳೆಯುವ ಉಪಕರಣಗಳೂ ಇವೆ. ಆದರೂ ಯಂತ್ರವು ಕೋಲಿನ ಗುಣವನ್ನು ಮಾತ್ರ ಹೇಳಬಲ್ಲದು. ಕೋಲೂ ಕೈಯೂ ಕೂಡಿದಾಗ ಆಗುವದನ್ನು ಆಯಾ ಮನುಷ್ಯನೇ ಹೊಡೆದು ನೋಡಬೇಕು.

ದೂರವೇ ಸರ್ವಸ್ವವಲ್ಲವೆಂಬದಕ್ಕೆ ನಮ್ಮ ನಾಡಿನ ಮಗಳೊಬ್ಬಳು ಉಜ್ವಲವಾದ ನಿದರ್ಶನವಾಗಿರುವಳು. ಬೆಂಗಳೂರಿನ ಅದಿತಿ ಅಶೋಕಳು 2016ರಲ್ಲಿ, ತನ್ನ ಹದಿನೆಂಟನೆಯ ವಯಸ್ಸಿನಲ್ಲಿ, ರಿಯೋ ಒಲಿಂಪಿಕ್ಸಿನಲ್ಲಿ ಆಡಿದಳು. ಅಲ್ಲಿ ತಂದೆಯು ಅವಳ ಕೋಲುಗಳ ಚೀಲವನ್ನು ಹೊತ್ತರೆ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ತಾಯಿಯು ಹೊತ್ತಳು. ಅದೇ ವರ್ಷ ಕೊರೋನಾ ಬೇನೆಯಿಂದ ಅವಳ ಬಲ ಕುಗ್ಗಿತ್ತು. ಡ್ರೈವರಿನಿಂದ ಅತಿ ಕಡಿಮೆ ದೂರ ಹೊಡೆಯುವವರ ಸಾಲಿನಲ್ಲಿ ಅವಳಿದ್ದಳು. ಆದರೂ ಕುಳಿಯ ಬಳಿಯ ನುಣುಪಾದ ಹುಲ್ಲಿನ ಮೇಲೆ ಚೆಂಡನ್ನು ಮೆಲ್ಲನೆ ತಳ್ಳುವ ಕೋಲಿನಲ್ಲಿ ಅವಳ ಕೈಯನ್ನು ಹಿಡಿಯುವವರಿರಲಿಲ್ಲ. ಮೂರು ಸುತ್ತುಗಳಾದಾಗ ಅವಳು ಎರಡನೆಯ ಸ್ಥಾನದಲ್ಲಿದ್ದಳು. ನಾಲ್ಕು ಸುತ್ತುಗಳು ಮುಗಿದಾಗ ಅವಳ ಹೊಡೆತಗಳು 269. ಕಂಚಿನ ಪದಕವು ದೊರೆತದ್ದು 268ಕ್ಕೆ. ಒಂದೇ ಹೊಡೆತದಿಂದ ಪದಕವು ತಪ್ಪಿ ನಾಲ್ಕನೆಯ ಸ್ಥಾನ ಬಂದಿತು.

ಈ ವೃತ್ತಾಂತವು ಎರಡು ಪಾಠಗಳನ್ನು ಹೇಳುವದೆಂದು ನಮ್ಮ ಮತ. ಇನ್ನೂರು ಗಜದ ಹೊಡೆತಕ್ಕೂ ಒಂದು ಗೇಣಿನ ಹೊಡೆತಕ್ಕೂ ಲೆಕ್ಕದಲ್ಲಿ ಬೆಲೆ ಒಂದೇ. ಆದ್ದರಿಂದ ಕೈಯ ಹದವು ಬಲದ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡಬಲ್ಲದು. ಇದು ಮೊದಲನೆಯದು. ಆದರೆ ಒಂದು ಹೊಡೆತಕ್ಕೆ ಅಷ್ಟು ಬೆಲೆಯಿರುವಾಗ, ಹತ್ತು ಗಜ ಹೆಚ್ಚು ಕೊಡುವ ಕೋಲನ್ನು ಹೀಗಳೆಯುವದೂ ಸಲ್ಲದು. ಇದು ಎರಡನೆಯದು. ಸಾಧನವನ್ನು ಪೂಜಿಸುವವನೂ ಅದನ್ನು ತಿರಸ್ಕರಿಸುವವನೂ ಪರೀಕ್ಷಿಸದೆ ಮಾತಾಡುವವರೇ.

ಕೋಲಿನ ಬಲಕ್ಕೆ ಎಲ್ಲೆಯನ್ನೂ ಹಾಕಬೇಕಾಯಿತು. ಚೆಂಡು ದೂರ ಹೋದಷ್ಟೂ ಮೈದಾನವು ಬೆಳೆಯಬೇಕು. ಮೈದಾನ ಬೆಳೆದಷ್ಟೂ ಭೂಮಿಯೂ ನೀರೂ ಹೆಚ್ಚು ಬೇಕು. ನೀರಿನ ಬೆಲೆಯನ್ನು ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ. ಆದ್ದರಿಂದ ಆಟದ ನಿಯಾಮಕರು 2004ರಲ್ಲಿ ತಲೆಯ ಗಾತ್ರವನ್ನು 460 ಘನ ಸೆಂಟಿಮೀಟರಿಗೆ, ಅಂದರೆ ಅರ್ಧ ಲೀಟರಿಗೂ ತುಸು ಕಡಿಮೆಗೆ, ಮಿತಿಗೊಳಿಸಿದರು. ಮುಖದ ಪುಟಿತಕ್ಕೂ 0.83 ಎಂಬ ಮಿತಿಯಿಟ್ಟರು. ಕೋಲಿನ ಉದ್ದ 48 ಅಂಗುಲವನ್ನು ಮೀರಕೂಡದು. 2022ರಿಂದ ವೃತ್ತಿಪರ ಪಂದ್ಯಗಳಲ್ಲಿ 46 ಅಂಗುಲಕ್ಕೆ ಇಳಿಸಲು ಅವಕಾಶವಾಯಿತು. ನಮ್ಮ ಹುಡುಗರ ಚಿಣಿದಾಂಡಿನಲ್ಲಿ ಇಷ್ಟು ನಿಯಮಗಳ ಅವಶ್ಯಕತೆಯೇ ಇರಲಿಲ್ಲ. ಚಿಣಿ ಬಿದ್ದ ದೂರವನ್ನು ಹೊಡೆದ ದಾಂಡಿನಿಂದಲೇ ಅಳೆಯುವದರಿಂದ, ಉದ್ದವಾದ ದಾಂಡನ್ನು ತಂದವನಿಗೆ ಎಣಿಕೆಯಲ್ಲಿ ತಾನಾಗಿಯೇ ನಷ್ಟವಾಗುತ್ತಿತ್ತು!

ಇಳಕಲ್ಲಿನ ನೇಕಾರರೂ ಸಾಧನವನ್ನು ತೂಗುವದರಲ್ಲಿ ಜಾಣರು. ವಿದ್ಯುತ್ತಿನ ಮಗ್ಗವು ದಿನಕ್ಕೆ ಹೆಚ್ಚು ಬಟ್ಟೆಯನ್ನು ಕೊಡುವದು ನಿಜ. ಆದರೆ ಹಳೆಯ ಕ್ರಮದ ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸಿಗೆ ಸೆರಗಿನ ರೇಶಿಮೆಯ ಹಾಸನ್ನು ಕೊಂಡಿಕೊಂಡಿಯಾಗಿ ಕೂಡಿಸುವದು ಬೆರಳುಗಳ ಕೆಲಸ. ತಿಳಿದ ಗೃಹಿಣಿಯು ಸೀರೆಯನ್ನು ಕೊಳ್ಳುವಾಗ ಮಗ್ಗದ ವೇಗವನ್ನು ಕೇಳುವದಿಲ್ಲ. ಸೆರಗಿನ ಕೂಡಿಕೆಯನ್ನು ತಿರುವಿ ನೋಡುವಳು. ಫಲವನ್ನು ನೋಡಿ ಸಾಧನವನ್ನು ಅಳೆಯುವದೆಂದರೆ ಇದೇ.

ಮನೆಯ ಮಕ್ಕಳು ಹೊಸ ದಾಂಡು ಬೇಕು, ಹೊಸ ಯಂತ್ರ ಬೇಕು ಎಂದು ಹಟ ಹಿಡಿದಾಗ ಹಿರಿಯರು ಒಮ್ಮೆಲೆ ಇಲ್ಲವೆನ್ನಬೇಕಾಗಿಲ್ಲ, ಒಮ್ಮೆಲೆ ಹೂಂಗುಡಲೂಬೇಕಾಗಿಲ್ಲ. ಸಾಧ್ಯವಿದ್ದರೆ ಹೊಸದನ್ನು ಎರವಲಾಗಿ ತರಿಸಿ, ಹಳೆಯದರ ಸಂಗಡ ಒಂದೇ ದಿನ, ಒಂದೇ ಬಯಲಿನಲ್ಲಿ ಹತ್ತು ಸಲ ಹೊಡೆದು ನೋಡೆಂದು ಹೇಳಿ, ಲೆಕ್ಕ ಬರೆಯಲು ಒಂದು ಹಾಳೆಯನ್ನು ಅವರ ಕೈಗೆ ಕೊಡಬೇಕು. ಕೆಟ್ಟ ಹೊಡೆತಗಳನ್ನೂ ಬಿಡದೆ ಬರೆಯಲು ಕಲಿತ ಮಗುವು, ಆ ಕೋಲನ್ನು ಕೊಂಡರೂ ಕೊಳ್ಳದಿದ್ದರೂ, ಲಾಭವನ್ನೇ ಪಡೆಯುವದು.