ಕೆಮ್ಮಣ್ಣು ಮೆತ್ತಿದ ಕಾರು, ಗೀರಿಲ್ಲದೆ ತೊಳೆಯೋದು ಹೇಗೆ?

ದೊಡ್ಮನೆ ಘಟ್ಟ ಹತ್ತಿ ಸಿದ್ದಾಪುರಕ್ಕೆ ಬಂದ್ರಿ. ಕಾರಿನ ಮೈಯೆಲ್ಲ ಕೆಮ್ಮಣ್ಣು. ಒಣಬಟ್ಟೆಲಿ ಒರೆಸೋಕೆ ಹೋಗ್ಬೇಡಿ!

ಈ ಧೂಳಲ್ಲಿ ಗಟ್ಟಿ ಮರಳಿನ ಕಣ ಇರ್ತದೆ. ಬಣ್ಣ ಕಾಯೋ ಕ್ಲಿಯರ್ ಕೋಟ್ ದಪ್ಪ ಸುಮಾರು 50 ಮೈಕ್ರಾನ್. ಅಂದ್ರೆ 1 ಮಿಲಿಮೀಟರಿನ 20ರಲ್ಲಿ ಒಂದು ಪಾಲು. ಒಣದಾಗಿ ಉಜ್ಜಿದ್ರೆ ಗೀರು ಖಂಡಿತ.

ಮೊದಲು ಕಾರನ್ನ ನೆರಳಲ್ಲಿ ನಿಲ್ಲಿಸಿ, ಬಾನೆಟ್ ತಣ್ಣಗಾಗ್ಲಿ. ಪೈಪಿಂದ ಮೇಲಿಂದ ಕೆಳಗೆ ನೀರು ಬಿಟ್ಟು ಮಣ್ಣು ಇಳಿಸಿ.

ಈಗ 2 ಬಕೆಟ್. ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಪಾತ್ರೆ ಸೋಪು ಬೇಡ, ಅದು ವ್ಯಾಕ್ಸ್ ಕಿತ್ತು ತೆಗೀತದೆ. ಮೈಕ್ರೋಫೈಬರ್ ಬಟ್ಟೆ ಶಾಂಪೂಲಿ ಅದ್ದಿ, ರೂಫಿಂದ ಶುರು ಮಾಡಿ. ಒತ್ತಬೇಡಿ, ಸುತ್ತ ತಿರುಗಿಸದೆ ನೇರವಾಗಿ ಎಳೀರಿ. ಒಂದು ಭಾಗ ಮುಗಿದ ಕೂಡ್ಲೆ ಬಟ್ಟೆಯನ್ನ ಬರೀ ನೀರಲ್ಲಿ ಜಾಲಿಸಿ, ಆಮೇಲೆ ಮತ್ತೆ ಶಾಂಪೂ. ಚಕ್ರಕ್ಕೆ ಬೇರೆ ಬಟ್ಟೆ, ಅದೂ ಕೊನೆಗೆ.

ಹಕ್ಕಿ ಹಿಕ್ಕೆ ಕೆರೆಯಬೇಡಿ. ಒದ್ದೆ ಬಟ್ಟೆ ಸ್ವಲ್ಪ ಹೊತ್ತು ಹೊದಿಸಿಡಿ, ನೆನೆದು ಬಿಡ್ತದೆ.

ಪೂರ್ತಿ ನೀರು ಹೊಯ್ದು, ಸ್ವಚ್ಛ ಮೈಕ್ರೋಫೈಬರ್ ಟವೆಲಲ್ಲಿ ಒತ್ತಿ ನೀರು ಹೀರಿಸಿ.

ಶಿರಸಿ, ಯಲ್ಲಾಪುರದ ಮಳೆ ತಾನೇ ತೊಳೀತದೆ ಅಂತ ಬಿಡಬೇಡಿ. ಚಕ್ರದ ಮೇಲಿನ ಗೂಡಲ್ಲಿ ಕೂತ ಕೆಸರು ತುಕ್ಕು ಹಿಡಿಸ್ತದೆ. ಅಲ್ಲಿಗೂ ಪೈಪ್ ಹಿಡೀರಿ!